ಪುಕ್ಕಟೆ ಪ್ರಮಾಣಪತ್ರಕ್ಕೆ 2,499 ರೂಪಾಯಿ

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಹೊಲಿಗೆ ಯಂತ್ರಗಳಿವೆ. ನೈಟಿ, ಲಂಗ, ಸೀರೆಗೆ ಫಾಲ್ಸ್. ದಾವಣಗೆರೆಯ ಎರಡು ಅಂಗಡಿಗಳಿಗೆ ಮಾಲು ಕೊಡುತ್ತೇನೆ. ಒಂದು ಓವರ್‌ಲಾಕ್ ಯಂತ್ರ ಕೊಳ್ಳೋಣವೆಂದು ಸಾಲ ಕೇಳಲು ಹೋದರೆ ಬ್ಯಾಂಕಿನವರು, "ಮೊದಲು ಉದ್ಯಮ್ ನೋಂದಣಿ ಮಾಡಿಸಿಕೊಂಡು ಬನ್ನಿ ಮೇಡಂ" ಎಂದರು. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಮಾಡಿಕೊಡುವ ನೋಂದಣಿ ಅದು. ಅಂದು ರಾತ್ರಿ ಪಾತ್ರೆ ತೊಳೆದಿಟ್ಟು ಮೊಬೈಲಿನಲ್ಲಿ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಒತ್ತಿದೆ.

ಪುಟದ ನೆತ್ತಿಯ ಮೇಲೆ ಕೇಸರಿ, ಬಿಳಿ, ಹಸಿರು ಪಟ್ಟಿ. ಪಕ್ಕದಲ್ಲಿ ನೀಲಿ ಚಕ್ರ. ಹೆಸರು, ಆಧಾರ್, ಪ್ಯಾನ್ ಎಲ್ಲ ಕೇಳಿ, ಕೊನೆಯಲ್ಲಿ ಒಂದು ಹಸಿರು ಗುಂಡಿ: ‘ರಿಜಿಸ್ಟ್ರೇಷನ್ ಫೀ 2,499’. ಸರ್ಕಾರದ ಕೆಲಸ ಶುಲ್ಕವಿಲ್ಲದೆ ಆಗುತ್ತದೆಯೇ ಎಂದುಕೊಂಡು ಯುಪಿಐ ಪಿನ್ ಹಾಕಿಯೇಬಿಟ್ಟೆ. ಮರುದಿನ ಒಬ್ಬ ಹುಡುಗ ಕರೆ ಮಾಡಿ ಹಿಂದಿಯಲ್ಲಿ ಆಧಾರ್ ಓಟಿಪಿ ಕೇಳಿದ. ಅದನ್ನೂ ಹೇಳಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಸಂಜೆಯ ಹೊತ್ತಿಗೆ ಪ್ರಮಾಣಪತ್ರ ಬಂತು. ಅದು ಅಸಲಿ ಪತ್ರವೇ! ಕ್ಯೂಆರ್ ಕೋಡ್, ಸರ್ಕಾರ ಕೊಟ್ಟ ಸಂಖ್ಯೆ, ಎಲ್ಲವೂ ಸರಿಯಾಗಿತ್ತು. ಬ್ಯಾಂಕಿಗೆ ಒಯ್ದಾಗ ಸಾಲದ ಮೇಜಿನಲ್ಲಿದ್ದ ಹುಡುಗಿ, "ಯಾರ ಹತ್ತಿರ ಮಾಡಿಸಿದಿರಿ? ಎಷ್ಟು ಕೊಟ್ಟಿರಿ?" ಎಂದು ಮೆಲ್ಲಗೆ ಕೇಳಿದಳು. ಹೇಳಿದೆ. ಅವಳು ತನ್ನ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಕೇಂದ್ರ ಸರ್ಕಾರದ ನಿಜವಾದ ಉದ್ಯಮ್ ಪುಟ ತೋರಿಸಿದಳು. 2020ರ ಜುಲೈ 1ರಿಂದ ನಡೆಯುತ್ತಿರುವ ಈ ನೋಂದಣಿಗೆ ಒಂದು ಪೈಸೆಯ ಶುಲ್ಕವೂ ಇಲ್ಲ. ಅದರ ವಿಳಾಸ ‘ಗವ್ ಡಾಟ್ ಇನ್’ ಎಂದು ಮುಗಿಯುತ್ತದೆ. ನಾನು ಹೋದದ್ದು ‘ಡಾಟ್ ಆರ್ಗ್’ ಎಂದು ಮುಗಿಯುವ ಕಡೆಗೆ. ನಾನು ತುಂಬಿದ್ದನ್ನೇ ಅವರು ಅಸಲಿ ಪುಟದಲ್ಲಿ ಮತ್ತೆ ತುಂಬಿದ್ದರು, ಅಷ್ಟೇ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆ. ದೂರು ಬರೆದುಕೊಂಡು ಸಂಖ್ಯೆ ಕೊಟ್ಟರು. ಆದರೆ ಹಣ ಹೋಗಿ ಮೂರು ದಿನವಾಗಿತ್ತು, ತಡೆಹಿಡಿಯಲು ಏನೂ ಉಳಿದಿರಲಿಲ್ಲ. ಬ್ಯಾಂಕಿನಲ್ಲಿ ರಿಸರ್ವ್ ಬ್ಯಾಂಕಿನ 2017ರ ನಿಯಮದ ಮಾತು ಬಂತು. ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲ ಎನ್ನುವುದು ನಮಗೆ ಗೊತ್ತಿಲ್ಲದೆ ಖಾತೆಯಿಂದ ಹೋದ ಹಣಕ್ಕೆ. ಪಿನ್ ಒತ್ತಿದ್ದು ನನ್ನದೇ ಬೆರಳು. ಅದು ನಿಮಗೆ ಅನ್ವಯಿಸದು ಎಂದು ಬ್ಯಾಂಕಿನವರು ಹೇಳಿದ್ದು ತಪ್ಪಲ್ಲ.

ಕಳ್ಳ ದೋಚಿಕೊಂಡು ಓಡಿದ್ದರೆ ಕಳ್ಳತನ ಎನ್ನಬಹುದಿತ್ತು. ಇವರು ಕೆಲಸ ಮಾಡಿಕೊಟ್ಟಿದ್ದಾರಲ್ಲ! ಪುಟದ ತೀರಾ ತಳದಲ್ಲಿ, ಬೂದಿ ಬಣ್ಣದ ಇರುವೆಯಂಥ ಅಕ್ಷರಗಳಲ್ಲಿ, ತಾವು ಖಾಸಗಿ ಸಲಹೆಗಾರರು, ಸರ್ಕಾರಕ್ಕೂ ತಮಗೂ ಸಂಬಂಧವಿಲ್ಲ ಎಂದು ಬರೆದೂ ಇದ್ದರು. ಅದನ್ನು ಕಂಡ ಮೇಲೆ ನನ್ನ ಸಿಟ್ಟು ಇಮ್ಮಡಿಯಾಯಿತು.

ಎಳೆ ಸಿಕ್ಕಿದ್ದು ಮಗಳಿಗೆ. ಎರಡನೇ ಪಿಯುಸಿ, ಕಾಮರ್ಸ್. "ಅಮ್ಮಾ, ಸಲಹೆಯ ಶುಲ್ಕ ಎಂದು ಎಲ್ಲಾದರೂ ಬರೆದಿದ್ದಾರೆಯೇ ನೋಡು. ರಿಜಿಸ್ಟ್ರೇಷನ್ ಫೀ ಎಂದಿದೆ. ಇಲ್ಲದ ಶುಲ್ಕ ಅದು" ಎಂದಳು. ಹೊಲಿಗೆಯಲ್ಲಿ ಒಂದು ಎಳೆ ಸಡಿಲ ಸಿಕ್ಕರೆ ಇಡೀ ಅಂಚನ್ನು ಬಿಚ್ಚಬಹುದು. ಆ ಪುಟವನ್ನು ಮತ್ತೆ ತೆರೆದು, ಹಣ ಕಟ್ಟುವ ಗುಂಡಿಯವರೆಗೂ ಹೋಗಿ, ವಿಳಾಸ ಮತ್ತು ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಳು. ನಾನು ಅಲ್ಲಿಯವರೆಗೆ ರಸೀದಿ ಬಿಟ್ಟು ಬೇರೇನನ್ನೂ ಉಳಿಸಿಕೊಂಡಿರಲಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಹಣ ದಾಟಿಸಿದ ಪಾವತಿ ಕಂಪನಿಯ ಹೆಸರು ರಸೀದಿಯಲ್ಲೇ ಇತ್ತು, ಅದರ ಕುಂದುಕೊರತೆ ಅಧಿಕಾರಿಗೂ ಬರೆದೆವು. ಪುಟದವರಿಗೆ ಕಳಿಸಿದ ಪತ್ರ ಚಿಕ್ಕದು: ಸರ್ಕಾರ ಕೇಳದ ಶುಲ್ಕವನ್ನು ಅದರ ಹೆಸರಿನಲ್ಲಿ ಪಡೆದಿದ್ದೀರಿ, ಚಿತ್ರ ಲಗತ್ತಿಸಿದೆ, ಹಿಂದಿರುಗಿಸಿ. ಕಟ್ಟಿದ ಹಣ ವಾಪಸಿಲ್ಲ, ತಕರಾರಿದ್ದರೆ ದೆಹಲಿಯ ನ್ಯಾಯಾಲಯಕ್ಕೆ ಬನ್ನಿ ಎಂದು ಉತ್ತರ ಬಂತು.

ದೆಹಲಿ ಎಂದರೆ ಹೆದರಿ ಸುಮ್ಮನಾಗುತ್ತಾರೆ ಎನ್ನುವುದೇ ಅವರ ಬಂಡವಾಳ. ಆದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವಿರುವ ಊರಿನಲ್ಲೇ ದೂರು ಹೂಡಬಹುದು. ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಅರ್ಜಿ ಶುಲ್ಕವೂ ಇಲ್ಲ. "ನಾನು ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ, ನೀವೇ ಬರಬೇಕಾಗುತ್ತದೆ" ಎಂದು ಬರೆದೆ. ಎರಡೇ ದಿನದಲ್ಲಿ ಅದೇ ಹಿಂದಿ ಹುಡುಗ ಕರೆ ಮಾಡಿ, "ಆಂಟಿ, ಅರ್ಧ ಕೊಡುತ್ತೇವೆ" ಎಂದ. ಬರವಣಿಗೆಯಲ್ಲಿ ಕೊಡಪ್ಪಾ ಎಂದೆ. ಕರೆ ಕತ್ತರಿಸಿದ. ಹನ್ನೊಂದು ದಿನದ ಮೇಲೆ ಖಾತೆಗೆ 2,000 ರೂಪಾಯಿ ಬಂತು. ಉಳಿದದ್ದು ‘ಪ್ರೊಸೆಸಿಂಗ್’ ವೆಚ್ಚವಂತೆ.

ಈ ನಡುವೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಪ್ರಮಾಣಪತ್ರದಲ್ಲಿ ಮೊಬೈಲ್ ಸಂಖ್ಯೆ ನನ್ನದು, ಇಮೇಲ್ ಅವರದು. ಮಾಡಿಸಿಕೊಂಡವರು ಒಮ್ಮೆ ನೋಡಿಕೊಳ್ಳಿ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕುಳಿತು ಸರಿಪಡಿಸಿಕೊಂಡು ಬಂದೆ, ದುಡ್ಡು ಕೇಳಲಿಲ್ಲ. ಸಾಲ ಬೇಕೇ ಎಂದು ದಿನಕ್ಕೆ ನಾಲ್ಕು ಕರೆ ಬರುವುದು ಮಾತ್ರ ನಿಂತಿಲ್ಲ.

"ಎರಡು ಸಾವಿರ ಬಂತಲ್ಲ, ಬಿಟ್ಟುಬಿಡು" ಎನ್ನುತ್ತಾರೆ ನಮ್ಮ ಯಜಮಾನರು. ಒಂದು ನೈಟಿಗೆ ನನಗೆ ಉಳಿಯುವುದು 25 ರೂಪಾಯಿ. 499 ಎಂದರೆ ಇಪ್ಪತ್ತು ನೈಟಿ. ಮಗಳು ಪಕ್ಕದಲ್ಲಿ ಕುಳಿತು ಆಯೋಗದ ದೂರನ್ನು ಆನ್‌ಲೈನಿನಲ್ಲಿ ತುಂಬುತ್ತಿದ್ದಾಳೆ. ಸ್ಕ್ರೀನ್‌ಶಾಟ್ ದೊಡ್ಡದಾಯಿತಂತೆ, ಅಂಚು ಕತ್ತರಿಸುತ್ತಿದ್ದಾಳೆ. ಎಲ್ಲಿ ಬೇಕಾದರೂ ಕತ್ತರಿಸು, ಆ ಹಸಿರು ಗುಂಡಿಯನ್ನು ಮಾತ್ರ ಮುಟ್ಟಬೇಡ ಎಂದಿದ್ದೇನೆ.