ಕಕ್ಕಡದಲ್ಲಿ ನೆಲ ನೋಡಿದ ದಿನ

ಕೊಡಗಿನಲ್ಲಿ ಮನೆ ಕೊಳ್ಳುವವರು ಹೆಚ್ಚಾಗಿ ಜನವರಿ, ಫೆಬ್ರವರಿಯಲ್ಲಿ ಬಂದು ನೋಡುತ್ತಾರೆ. ಆಗ ಬಿಸಿಲು ಹದವಾಗಿರುತ್ತದೆ, ತೋಟದಲ್ಲಿ ಕಾಫಿ ಕೊಯ್ಲು ನಡೆದಿರುತ್ತದೆ, ಯಾವ ಮನೆಯ ನೆಲ ಮುಟ್ಟಿದರೂ ಒಣಗಿರುತ್ತದೆ. ಅಕ್ಕ, ಭಾವ ಗಾಳಿಬೀಡಿನ ಕಡೆ ಹಳೇ ಮನೆ ತೆಗೆದುಕೊಂಡದ್ದೂ ಹಾಗೆ ಬೇಸಿಗೆಯಲ್ಲೇ. ನೆಲದ ಕೆಲಸಕ್ಕೆ ಮಾತ್ರ ಕಕ್ಕಡದವರೆಗೆ ಕಾಯೋಣ ಎಂದು ನಾನು ಹಟ ಹಿಡಿದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆ ತಿಂಗಳಲ್ಲಿ ಮನೆ ಎಲ್ಲಿ ಸೋರುತ್ತದೆ, ಎಲ್ಲಿ ಜಿನುಗುತ್ತದೆ, ಎಲ್ಲಿ ಬೂಷ್ಟು ಹಿಡಿಯುತ್ತದೆ ಎಲ್ಲವೂ ಕಣ್ಣಿಗೇ ಕಾಣುತ್ತದೆ. ಗುಡ್ಡದ ಮೇಲಿನ ಮನೆಗೆ ನೆಲ ಆರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಿಂದಿದ್ದವರು ಹಾಲ್‌ಗೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಅಂಟಿಸಿದ್ದರು. ಮೇಸ್ತ್ರಿ ಮೂಲೆಯಲ್ಲಿ ಕತ್ತಿ ತೂರಿಸಿ ಅದನ್ನು ಎಬ್ಬಿಸಿದರು. ಮೇಲಿನ ಉಣ್ಣೆಯ ನೂಲು ಮುಟ್ಟಿದರೆ ಒಣಗಿದಂತೆಯೇ ಇತ್ತು. ಅಡಿಯ ಸೆಣಬಿನ ಬಟ್ಟೆ ಕರ್ರಗಾಗಿ, ಹಿಡಿದಲ್ಲೆಲ್ಲ ಪುಡಿಪುಡಿಯಾಗಿ ಉದುರಿತು. ಅದರ ಕೆಳಗಿನ ಸ್ಪಂಜಿನ ಪದರ ನೆಲಕ್ಕೆ ಕಚ್ಚಿಕೊಂಡಿದ್ದರಿಂದ ಕರಣೆಯಲ್ಲಿ ಕೆರೆದು ಕೆರೆದು ತೆಗೆಯಬೇಕಾಯಿತು. ಅಕ್ಕನ ಮಗನಿಗೆ ಸ್ವಲ್ಪ ಧೂಳಾದರೂ ಉಬ್ಬಸ. ವಾಸನೆ ಮೂಗಿಗೆ ಬಡಿದ ಕೂಡಲೇ ಅಕ್ಕ ಅವನನ್ನು ಜಗಲಿಗೆ ಕಳಿಸಿ ಬಾಗಿಲು ಹಾಕಿಕೊಂಡಳು.

ಉಣ್ಣೆಯ ಗುಣವೇ ಹಾಗೆ. ತನ್ನ ತೂಕದ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಈಗ ಅಂಗಡಿಯಲ್ಲಿ ಸಿಗುವ ಪಾಲಿಪ್ರೊಪಿಲೀನ್ ಕಾರ್ಪೆಟ್ಟಿನ ನೂಲು ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ, ನೈಲಾನ್ ಸ್ವಲ್ಪ ಹೀರುತ್ತದೆ. ಆದರೆ ನೂಲು ಯಾವುದಾದರೂ ಅದರ ಬುಡದಲ್ಲಿ ಧೂಳು, ಚರ್ಮದ ಹೊಟ್ಟು ಸೇರಿಕೊಂಡೇ ಸೇರಿಕೊಳ್ಳುತ್ತವೆ. ತಿಂಗಳುಗಟ್ಟಲೆ ತಂಡಿ ಹಿಡಿದ ಕೋಣೆಯಲ್ಲಿ ಬೂಷ್ಟಿಗೂ ಧೂಳಿನ ಹುಳಕ್ಕೂ ಅಷ್ಟೇ ಸಾಕು. ಹಳೇ ಎಸ್ಟೇಟ್ ಬಂಗಲೆಗಳಲ್ಲಿ ರತ್ನಗಂಬಳಿ ಇರಲಿಲ್ಲವೇ ಎಂದು ಭಾವ ಕೇಳಿದರು. ಇತ್ತು. ಆದರೆ ಅಲ್ಲಿ ಮಳೆಗಾಲವಿಡೀ ಒಲೆ ಉರಿಸಿ ಕೋಣೆ ಕಾಯಿಸುತ್ತಿದ್ದರು, ಕಂಬಳಿಯನ್ನು ಎತ್ತಿ ಕೊಡವಲು ಆಳುಗಳಿದ್ದರು. ಗೋಡೆಯಿಂದ ಗೋಡೆಗೆ ಅಂಟಿಸಿದ್ದನ್ನು ಎತ್ತಿ ಕೊಡವುವುದು ಹೇಗೆ?

ಕಾರ್ಪೆಟ್ಟಿನಡಿ ಹಳೇ ರೆಡ್ ಆಕ್ಸೈಡ್ ನೆಲವಿತ್ತು. ಅಂಟಿನ ಕಲೆ, ಅಲ್ಲಲ್ಲಿ ಬಿರುಕು, ಹಿಂದಿನ ಗೋಡೆಯ ಬುಡದುದ್ದಕ್ಕೂ ಬಿಳಿ ಉಪ್ಪಿನ ಪಟ್ಟೆ. ಅಕ್ಕನಿಗೆ ಅದರ ಮೇಲೆಯೇ ಟೈಲ್ಸ್ ಹಾಕಿಸಿ ಮುಗಿಸುವ ಅವಸರ. ಮೇಸ್ತ್ರಿ ಒಪ್ಪಲಿಲ್ಲ. ಪ್ಲಾಸ್ಟಿಕ್ ಹಾಳೆಯ ಚೌಕಗಳನ್ನು ಕತ್ತರಿಸಿ, ಹಾಲ್, ಅಡುಗೆಮನೆ, ಮಲಗುವ ಕೋಣೆಯ ನೆಲಗಳಿಗೆ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗಾಳಿಯಾಡದಂತೆ ಅಂಟಿಸಿದರು. "ರಾತ್ರಿಯಿಡೀ ಇರಲಿ ಅಮ್ಮಾ, ಬೆಳಿಗ್ಗೆ ನೆಲವೇ ಹೇಳ್ತದೆ" ಎಂದು ಹೋದರು.

ಬೆಳಿಗ್ಗೆ ಬ್ಯಾಟರಿ ಹಿಡಿದು ಬಗ್ಗಿ ನೋಡಿದೆವು. ಅಡುಗೆಮನೆಯ ಹಾಳೆಯ ಮೇಲ್ಮೈಯಲ್ಲಿ ತೆಳ್ಳಗೆ ಬೆವರು, ಒಳಮೈ ಒಣ. ಎಂದರೆ ಅದು ಗಾಳಿಯ ತೇವ. ತಣ್ಣನೆಯ ನೆಲ ತಾಗಿ ಹನಿಯಾದದ್ದು. ಹಾಲ್‌ನಲ್ಲಿ ಗೋಡೆ ಪಕ್ಕದ ಹಾಳೆಯ ಒಳಗೆ ಸಾಸಿವೆ ಗಾತ್ರದ ಹನಿಗಳು ಒತ್ತೊತ್ತಾಗಿ ನಿಂತಿದ್ದವು, ಹಾಳೆಯಡಿಯ ಕೆಂಪು ಕಪ್ಪಿಗೆ ತಿರುಗಿತ್ತು. ಅಲ್ಲಿ ನೀರು ಮಣ್ಣಿನಿಂದಲೇ ಮೇಲೇರುತ್ತಿತ್ತು. ಮೇಸ್ತ್ರಿ ಕೊಡೆ ಬಿಡಿಸಿ ನಮ್ಮನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಹಿಂದಿನ ಬರೆ, ಎಂದರೆ ಗುಡ್ಡ ಕಡಿದ ಮಣ್ಣಿನ ದಂಡೆ, ಗೋಡೆಗೆ ತೀರಾ ಹತ್ತಿರ. ಬರೆಯಿಂದ ಇಳಿದ ನೀರು, ಸೂರಿನಿಂದ ಬಿದ್ದ ನೀರು ಎರಡೂ ಬುನಾದಿಯ ಪಕ್ಕವೇ ನಿಂತು ಇಂಗುತ್ತಿದ್ದವು. ಚರಂಡಿ ಮಣ್ಣು ತುಂಬಿ ಮುಚ್ಚಿಹೋಗಿತ್ತು.

ಇಷ್ಟು ತಿಳಿದ ಮೇಲೆ ಕುಶಾಲನಗರಕ್ಕೆ ಹೊರಟೆವು. ಮಡಿಕೇರಿಯ ಘಟ್ಟ ಇಳಿಯುತ್ತಿದ್ದಂತೆ ಮಳೆ ತೆಳ್ಳಗಾಗಿ, ಕುಶಾಲನಗರದಲ್ಲಿ ಬರೀ ಮೋಡ. ಅಲ್ಲಿ ಬೀಳುವ ಮಳೆ ಮಡಿಕೇರಿಯ ಅರ್ಧದಷ್ಟೂ ಇಲ್ಲ. ಅಂಗಡಿಯ ದೀಪದಡಿ ಎಲ್ಲ ನೆಲವೂ ಚೆಂದ ಕಾಣುತ್ತದೆ, ಎಲ್ಲವೂ ಒಣಗಿರುತ್ತದೆ.

ಮೊದಲು ತೋರಿಸಿದ್ದು ಲ್ಯಾಮಿನೇಟ್. ನೋಡಲು ತೇಗವೇ. ನಾನು ತುಂಡೊಂದನ್ನು ಅಡ್ಡಲಾಗಿ ಹಿಡಿದು ಅಂಚನ್ನು ಅಕ್ಕನಿಗೆ ತೋರಿಸಿದೆ: ನಡುವೆ ಒತ್ತಿ ಗಟ್ಟಿ ಮಾಡಿದ ಮರದ ಹೊಟ್ಟಿನ ಹಲಗೆ, ಮೇಲೆ ಮರದ ಚಿತ್ರ ಮುದ್ರಿಸಿದ ಕಾಗದ, ಅದರ ಮೇಲೆ ಪಾರದರ್ಶಕ ಗಟ್ಟಿ ಪದರ. ಜಾಯಿಂಟಿನಲ್ಲಿ ನೀರು ಇಳಿದರೆ ಅಂಚು ಹಪ್ಪಳದಂತೆ ಉಬ್ಬುತ್ತದೆ, ಒಣಗಿದ ಮೇಲೂ ಇಳಿಯುವುದಿಲ್ಲ. ಎಂಜಿನಿಯರ್ಡ್ ವುಡ್ ಬೇರೆ. ಅದರಲ್ಲಿ ಪ್ಲೈವುಡ್ ಮೇಲೆ ನಿಜವಾದ ಮರದ ತೆಳು ಪದರ ಇರುತ್ತದೆ, ಮಾಸಿದರೆ ಉಜ್ಜಿ ಪಾಲಿಶ್ ಮಾಡಬಹುದು. ಬೆಲೆ ಕೇಳಿ ಭಾವ ಮುಂದೆ ನಡೆದರು. ಎಸ್‌ಪಿಸಿ ಎಂಬ ಹಲಗೆ ಸುಣ್ಣದಕಲ್ಲಿನ ಪುಡಿ ಮತ್ತು ಪಿವಿಸಿ ಸೇರಿಸಿ ಮಾಡಿದ್ದು. "ಇದು ಫುಲ್ ವಾಟರ್‌ಪ್ರೂಫ್ ಮೇಡಂ" ಎಂದ ಅಂಗಡಿ ಹುಡುಗ. ಹಲಗೆಯ ಮಟ್ಟಿಗೆ ಅವನು ಹೇಳಿದ್ದು ಸರಿ, ಅದು ನೀರಿಗೆ ಉಬ್ಬುವುದಿಲ್ಲ. ಆದರೆ ನೆಲದಿಂದ ಏರುವ ತೇವ ಅದರಡಿ ಸಿಕ್ಕಿಬಿದ್ದರೆ ಕಾರ್ಪೆಟ್ಟಿನ ಕಥೆಯೇ ಮತ್ತೆ. ಮಹಡಿಯ ಕೋಣೆಗಳಿಗಾದರೆ ಆ ಭಯವಿಲ್ಲ, ಕಾಲಿಗೂ ಟೈಲ್ಸ್‌ನಷ್ಟು ತಣ್ಣಗಿರುವುದಿಲ್ಲ. ಹೋಮ್‌ಸ್ಟೇಗೆಂದು ಇಟ್ಟ ಮೇಲಿನ ಕೋಣೆಗಳಿಗೆ ಅದನ್ನೇ ಗೊತ್ತು ಮಾಡಿದೆವು.

ಅಕ್ಕನ ಮನಸ್ಸೆಲ್ಲ ಅಡುಗೆಮನೆಗೆ ಬಿಳಿ ಮಾರ್ಬಲ್ ಹಾಕಿಸುವುದರಲ್ಲಿತ್ತು. ಇದೊಂದಕ್ಕೆ ನಾನು ಬಲವಾಗಿ ಅಡ್ಡ ನಿಂತೆ. ನಮ್ಮ ಅಡುಗೆಮನೆಯಲ್ಲಿ ಕಾಚಂಪುಳಿ ಎಂಬ ಕಪ್ಪು ಹುಳಿರಸದ ಬಾಟಲಿ ಇಲ್ಲದ ದಿನ ಇಲ್ಲ. ಮಾರ್ಬಲ್ ಸುಣ್ಣದ ಜಾತಿಯ ಕಲ್ಲು, ಹುಳಿ ಬಿದ್ದರೆ ಕಲ್ಲೇ ಕರಗಿ ಹೊಳಪು ಹೋಗುತ್ತದೆ. ಒರೆಸಿದರೆ ಬರುವ ಕಲೆಯಲ್ಲ ಅದು. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಕುದಿಸುವಾಗ ಆ ನೇರಳೆ ರಸ ಚೆಲ್ಲಿದರಂತೂ ಒಳಕ್ಕೇ ಇಳಿಯುತ್ತದೆ. ಕಡಪ, ಶಹಾಬಾದ್ ಕಲ್ಲುಗಳೂ ಸುಣ್ಣದ ಜಾತಿಯವೇ, ಅಗ್ಗ, ಗಟ್ಟಿ, ಆದರೆ ಹುಳಿಗೆ ಆಗುವುದಿಲ್ಲ. ಗ್ರಾನೈಟ್‌ಗೆ ಹುಳಿಯ ಹೆದರಿಕೆ ಇಲ್ಲ.

ಕೊನೆಗೆ ಅಡುಗೆಮನೆಗೆ ವಿಟ್ರಿಫೈಡ್ ಟೈಲ್ಸ್ ನೋಡಿದೆವು. ಒಳ್ಳೆಯ ವಿಟ್ರಿಫೈಡ್ ಟೈಲ್ ತನ್ನ ತೂಕದ ಶೇಕಡಾ 0.5ರಷ್ಟೂ ನೀರು ಹೀರುವುದಿಲ್ಲ. ಗೋಡೆಗೆಂದು ಮಾಡುವ ಸಾದಾ ಸೆರಾಮಿಕ್ ಶೇಕಡಾ 10ಕ್ಕಿಂತ ಹೆಚ್ಚು ಹೀರುತ್ತದೆ, ಅದನ್ನು ನೆಲಕ್ಕೆ ಹಾಕಬಾರದು. ಹೀರದಿರುವುದೇ ನಮ್ಮ ಕಡೆ ಇನ್ನೊಂದು ತೊಂದರೆ: ಗಾಳಿಯ ತೇವ ಹನಿಯಾಗಿ ಮೇಲೆಯೇ ನಿಲ್ಲುತ್ತದೆ. ಕನ್ನಡಿಯಂಥ ಪಾಲಿಶ್ ಇದ್ದರೆ ವಯಸ್ಸಾದವರು ಜಾರಿ ಬೀಳುವುದು ಅಂಥ ಬೆಳಿಗ್ಗೆಗಳಲ್ಲೇ. ಆದ್ದರಿಂದ ಮ್ಯಾಟ್ ಫಿನಿಶ್ ಬೇಕೆಂದೆವು. ಹುಡುಗ ಸ್ಯಾಂಪಲ್ ತಂದಾಗ ಅದರ ಮೇಲೆ ನೀರು ಚೆಲ್ಲಿ, ಚಪ್ಪಲಿ ಬಿಟ್ಟು ಕಾಲಿಟ್ಟು ನೋಡಿದೆ. ಅವನಿಗೆ ಆಶ್ಚರ್ಯವಾಯಿತು, ಆದರೆ ಕೊಳ್ಳುವವರೆಲ್ಲ ಹೀಗೆ ಮಾಡಲೇಬೇಕು. ಸಂದಿಗೆ ಸಿಮೆಂಟಿನ ಬದಲು ಎಪಾಕ್ಸಿ ಗ್ರೌಟ್ ಹೇಳಿದೆವು. ದುಡ್ಡು ಜಾಸ್ತಿ, ಆದರೆ ಸಂದಿ ಕಪ್ಪಗಾಗುವುದು ತಪ್ಪುತ್ತದೆ.

ಹಾಲ್‌ಗೆ ಏನೂ ಕೊಳ್ಳಲಿಲ್ಲ. ಸಂಜೆ ವಾಪಸು ಬಂದಾಗ ಮೇಸ್ತ್ರಿ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕುಳಿತಿದ್ದರು. ಮೊದಲು ಹಿಂದಿನ ಚರಂಡಿ ಬಿಡಿಸಿ, ಸೂರಿಗೆ ದೋಣಿ ಹಾಕಿಸಿ, ನೀರನ್ನು ಮನೆಯಿಂದ ದೂರ ಒಯ್ಯಬೇಕು. ಬೇಸಿಗೆ ಕಳೆದು ಮುಂದಿನ ಮಳೆಯಲ್ಲಿ ಮತ್ತೆ ಹಾಳೆ ಅಂಟಿಸಿ ನೋಡಬೇಕು ಎಂದರು. ಅಲ್ಲಿಯವರೆಗೆ ಕೆಂಪು ನೆಲದ ಅಂಟು ಕೆರೆದು, ಬಿರುಕು ತುಂಬಿ ಹಾಗೇ ಬಿಡುವುದು. "ಮೇಲೆ ಟೈಲ್ಸ್ ಮುಚ್ಚಿದ್ರೆ ನೀರು ಗೋಡೆ ಹತ್ತುತ್ತೆ" ಎಂಬುದು ಅವರ ಮಾತು. ರೆಡ್ ಆಕ್ಸೈಡ್ ಹಾಕುವ ಕೈಗಳು ಈಗ ಕಡಿಮೆ. ಹಸಿ ಗಾರೆಯ ಮೇಲೆ ಬಣ್ಣ ಬೆರೆಸಿದ ಸಿಮೆಂಟ್ ಎಳೆದು, ಅದು ಬಿಗಿಯುವ ಮೊದಲೇ ಉಕ್ಕಿನ ಕರಣೆಯಲ್ಲಿ ಒತ್ತಿ ಒತ್ತಿ ಉಜ್ಜಬೇಕು. ಆಮೇಲೆ ವಾರಗಟ್ಟಲೆ ನೀರು ಕಟ್ಟಿ ನಿಲ್ಲಿಸಬೇಕು. ಈ ಮೇಸ್ತ್ರಿ ತಂದೆಯ ಜೊತೆ ಆ ಕೆಲಸ ಕಲಿತವರು. ಕೆಟ್ಟುಹೋದ ಮೂಲೆಯನ್ನು ಡಿಸೆಂಬರಿನಲ್ಲಿ ಹೊಸದಾಗಿ ಮಾಡಿಕೊಡಲು ಒಪ್ಪಿದರು.

ಕಾಲಿಗೆ ಬೆಚ್ಚಗೆ ಏನಾದರೂ ಬೇಕೇ ಬೇಕು ಎಂದು ಭಾವ ಪಟ್ಟು ಬಿಡಲಿಲ್ಲ. ಅದಕ್ಕೆ ನವಲಗುಂದದ ಜಮಖಾನ ತರಿಸುವುದೆಂದಾಯಿತು. ಹತ್ತಿಯದು, ಬಿಸಿಲಿಗೆ ಹಾಕಿ ಕೊಡವಬಹುದು, ಮೇ ಮುಗಿಯುವಾಗ ಸುತ್ತಿ ಅಡುಗೆಮನೆಯ ಅಟ್ಟಕ್ಕೆ ಏರಿಸಬಹುದು. ಚರಂಡಿಯ ಕೆಲಸಕ್ಕೆ ಅಕ್ಕ ಅಲ್ಲೇ ಮುಂಗಡ ಕೊಟ್ಟಳು.