ಹೃದಯ ಉಣ್ಣುವ ಹೊತ್ತು

ಹೃದಯದ ಕೋಣೆಗಳಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹಾದುಹೋಗುತ್ತದೆ. ಆದರೂ ಗೋಡೆಯ ಸ್ನಾಯುವಿಗೆ ಅದು ನೇರವಾಗಿ ದಕ್ಕುವುದಿಲ್ಲ. ಎಡ ಹೃತ್ಕುಕ್ಷಿಯ ಗೋಡೆ ಸುಮಾರು ಒಂದು ಸೆಂ.ಮೀ. ದಪ್ಪ, ಒಳಮೈಯ ತೆಳು ಪದರ ಬಿಟ್ಟರೆ ಮಿಕ್ಕದ್ದಕ್ಕೆಲ್ಲ ಹೊರಮೈಮೇಲಿನ ಕರೋನರಿ ನಾಳಗಳೇ ಗತಿ.

ದೊಡ್ಡ ಸುತ್ತು ಶಾಲೆಯಲ್ಲಿ ಓದಿದ್ದೇ: ಮೈಯಿಂದ ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಶ್ವಾಸಕೋಶ, ಅಲ್ಲಿಂದ ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ. ನಡುವೆ ನಾಲ್ಕು ಕವಾಟ. ಅಘನಾಶಿನಿ ನದಿಯ ಗಜನಿ (ಉಪ್ಪುನೀರು ನುಗ್ಗುವ) ಗದ್ದೆಯಲ್ಲಾದರೆ ಉಬ್ಬರ-ಇಳಿತ ನೋಡಿ ಕಟ್ಟಿನ ಹಲಗೆ ಹಾಕಲು, ತೆಗೆಯಲು ಆಳು ಬೇಕು. ಇಲ್ಲಿ ಒತ್ತಡವೇ ಆಳು.

ಮಹಾಪಧಮನಿಯ ಕವಾಟದ ತುಸು ಮೇಲೆ ಕರೋನರಿಯ ಎರಡು ಬಾಯಿ. ಎಡದ್ದು ಒಂದೆರಡು ಸೆಂ.ಮೀ. ಸಾಗಿ ಕವಲೊಡೆಯುತ್ತದೆ: ಮುಂದೆ ಇಳಿಯುವುದು ಎಲ್‌ಎಡಿ, ಹಿಂದಕ್ಕೆ ಸುತ್ತುವುದು ಸರ್ಕಂಫ್ಲೆಕ್ಸ್. ಬಲದ್ದು ಆರ್‌ಸಿಎ. ಒಳಅಗಲ 3-4 ಮಿ.ಮೀ. ಅಷ್ಟೇ. ಬಳಸಿದ ರಕ್ತದ ಬಹುಪಾಲು ಕರೋನರಿ ಸೈನಸ್ ಎಂಬ ದೊಡ್ಡ ಅಭಿಧಮನಿಯ ಮೂಲಕ ಬಲ ಹೃತ್ಕರ್ಣಕ್ಕೆ ಮರಳುತ್ತದೆ.

ಎಡ ಹೃತ್ಕುಕ್ಷಿ ಹಿಂಡಿಕೊಂಡಾಗ ತನ್ನೊಳಗಿನ ಸಣ್ಣ ನಾಳಗಳನ್ನೂ ಹಿಸುಕುತ್ತದೆ. ಹಾಗಾಗಿ ಅದು ಉಣ್ಣುವುದು ಹೆಚ್ಚಾಗಿ ಸಡಿಲಾದಾಗ: ಕವಾಟ ಮುಚ್ಚಿದ ಮೇಲೆ, ಹಿಗ್ಗಿದ್ದ ಮಹಾಪಧಮನಿ ಕುಗ್ಗುತ್ತ ರಕ್ತ ತಳ್ಳುವಾಗ. ನಾಡಿ 75 ಇದ್ದರೆ ಒಂದು ಬಡಿತಕ್ಕೆ 0.8 ಸೆಕೆಂಡು, ಅದರಲ್ಲಿ ಸಡಿಲಿಕೆ ಸುಮಾರು 0.5. ನಾಡಿ 150ಕ್ಕೆ ಏರಿದರೆ ಇಡೀ ಬಡಿತಕ್ಕೇ 0.4, ಕತ್ತರಿ ಬೀಳುವುದು ಸಡಿಲಿಕೆಗೇ ಹೆಚ್ಚು. ದುಡಿಮೆ ಜಾಸ್ತಿಯಾದಾಗಲೇ ಊಟದ ಬಿಡುವು ಕಮ್ಮಿ! ಮೇಲಾಗಿ, ಬಂದ ಆಮ್ಲಜನಕದಲ್ಲಿ ಶೇ 70ರಷ್ಟನ್ನು ಹೃದಯ ಸುಮ್ಮನಿದ್ದಾಗಲೇ ಹೀರಿಬಿಟ್ಟಿರುತ್ತದೆ. ಇನ್ನಷ್ಟು ಬೇಕೆಂದರೆ ನಾಳ ಹಿಗ್ಗಿ ಹರಿವು ನಾಲ್ಕು ಪಟ್ಟಾಗಬೇಕು. ಶೇ 70 ಕಟ್ಟಿಕೊಂಡ ನಾಳಕ್ಕೆ ಅದು ಆಗದು.

ಶಿರಸಿ ಕಡೆ ತೋಟದಿಂದ ಅಡಿಕೆ ಕೊನೆ ಹೊತ್ತು ದರೆ ಹತ್ತುವಾಗ ಎದೆ ಹಿಡಿದು, ನಿಂತ ಎರಡು-ಮೂರು ನಿಮಿಷಕ್ಕೆ ಬಿಡುವುದು ಇದರಿಂದಲೇ. ಹತ್ತುವಾಗಷ್ಟೇ ಬಂದು ನಿಂತರೆ ಹೋಗುವ 'ಗ್ಯಾಸು' ಇರುವುದಿಲ್ಲ. ಓಮದ ನೀರು ಕುಡಿದು ದಿನ ದೂಡಬೇಡಿ.

ನಿಂತರೂ ಬಿಡದೆ ಬೆವರು ಕಿತ್ತುಬಂದರೆ ನಾಳದೊಳಗಿನ ಕೊಬ್ಬಿನ ಗಂಟು ಒಡೆದು ರಕ್ತ ಹೆಪ್ಪುಗಟ್ಟಿರಬಹುದು. ಆಸ್ಪಿರಿನ್ ಅಲರ್ಜಿ, ಹೊಟ್ಟೆಯ ರಕ್ತಸ್ರಾವ ಇಲ್ಲದಿದ್ದರೆ 300 ಮಿ.ಗ್ರಾಂ. ಆಸ್ಪಿರಿನ್ ಅಗಿಸಿ ನುಂಗಿಸಿ. ಪಕ್ಕದ ಮನೆಯವರ ಎದೆನೋವಿನ ಮಾತ್ರೆ ಸಾರ್ಬಿಟ್ರೇಟ್ ಮಾತ್ರ ತಂದು ನಾಲಿಗೆಯಡಿ ಇಡಬೇಡಿ. ಆರ್‌ಸಿಎ ಬುಡದಲ್ಲಿ ಕಟ್ಟಿಕೊಂಡರೆ ಬಲ ಹೃತ್ಕುಕ್ಷಿ ಸೋತು, ಮೈಯಿಂದ ಮರಳುವ ರಕ್ತದ ಒತ್ತಡದ ಮೇಲೇ ನಿಂತಿರುತ್ತದೆ. ಆ ಮಾತ್ರೆ ಅಭಿಧಮನಿಗಳನ್ನು ಸಡಿಲಿಸಿ ಅದನ್ನೂ ಕಸಿಯುತ್ತದೆ. ಬಿಪಿ ಕುಸಿದು ಮನುಷ್ಯ ಅಲ್ಲೇ ಬೀಳಬಹುದು. ವಯಾಗ್ರ ಜಾತಿಯ ಮಾತ್ರೆ ತಗೊಂಡವರಿಗೂ ಇದೇ ಅಪಾಯ.

ಕಾರವಾರ, ಅಂಕೋಲಾ ಕಡೆಯವರು ಮಾಡುವ ತಪ್ಪು, ಕಾರು ಹತ್ತಿಸಿ ನೇರ ಗೋವಾಕ್ಕೋ, ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೋ ಓಡುವುದು. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ, ಹೋದ 10 ನಿಮಿಷದೊಳಗೆ ಇಸಿಜಿ ಆಗಲಿ. ಅದರಲ್ಲಿ ನಾಳ ಪೂರ್ತಿ ಕಟ್ಟಿದ ಗುರುತು ಕಂಡು, ಆಂಜಿಯೋಪ್ಲಾಸ್ಟಿಗೆ (ಬಲೂನಿನಿಂದ ನಾಳ ತೆರೆಯಲು) 120 ನಿಮಿಷ ಮೀರುವಂತಿದ್ದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡುವುದು ಸರಿ. ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ಇದು ಉಚಿತ. ಇತ್ತೀಚೆಗೆ ಪಾರ್ಶ್ವವಾಯು, ಶಸ್ತ್ರಚಿಕಿತ್ಸೆ ಆಗಿದ್ದರೆ ಸೂಜಿ ಚುಚ್ಚುವ ಮೊದಲೇ ಹೇಳಿಬಿಡಿ. ಘಟ್ಟ ಹತ್ತುವುದು ಆಮೇಲೆ, ಆಂಬುಲೆನ್ಸ್‌ನಲ್ಲಿ.