ಗುಲಾಬಿ ರೇಜರ್ ಮತ್ತು ಹುಣಸೆಹಣ್ಣು

ಮೇ ತಿಂಗಳ ಬೆಳಗ್ಗೆ ಆರೂವರೆ. ಬ್ರಿಮ್‌ಫೀಲ್ಡ್ ಸಂತೆಯ ಹುಲ್ಲಿನ ಮೇಲೆ ಇನ್ನೂ ಇಬ್ಬನಿ. ನನ್ನ ಸಾಕ್ಸ್ ಪೂರ್ತಿ ಒದ್ದೆ. ಒಬ್ಬ ಅಜ್ಜ ತನ್ನ ಮೇಜಿನ ಕೆಳಗೆ ರಟ್ಟಿನ ಡಬ್ಬವೊಂದನ್ನು ಇಟ್ಟುಕೊಂಡಿದ್ದ. ತುಕ್ಕು ಹಿಡಿದ ಸ್ಪ್ಯಾನರ್, ಬೀಗ ಇಲ್ಲದ ಬೀಗದ ಕೈಗಳು, ಬಾಗಿಲ ಹಿಡಿಗಳು. ಅವುಗಳ ಮಧ್ಯೆ ಮಾಸಿದ ಗುಲಾಬಿ ಬಣ್ಣದ್ದೇನೋ ಇಣುಕುತ್ತಿತ್ತು. ಎತ್ತಿಕೊಂಡೆ. ಉದ್ದನೆಯ ತೆಳು ಹಿಡಿ. ಬುಡದಲ್ಲಿದ್ದ ತಿರುಪು ತಿರುಗಿಸಿದರೆ ಮೇಲಿನ ಎರಡು ರೆಕ್ಕೆಗಳು ಮೆಲ್ಲಗೆ ತೆರೆದುಕೊಂಡವು. ಒಳಗೆ ಎಷ್ಟೋ ವರ್ಷದ ಗಟ್ಟಿ ಸೋಪು. "ಎಂಟು ಡಾಲರ್" ಅಂದ. ಚೌಕಾಸಿ ಮಾಡಿದೆ. ಆರಕ್ಕೆ ಕೊಟ್ಟ.

ಹೀಗೆ ಶುರುವಾಯಿತು ನೋಡಿ. ನಾವಿರುವುದು ಮ್ಯಾಸಚೂಸೆಟ್ಸ್‌ನ ವೂಸ್ಟರ್ ಹತ್ತಿರ. ಅಲ್ಲಿಂದ ಬ್ರಿಮ್‌ಫೀಲ್ಡ್ ಮುಕ್ಕಾಲು ಗಂಟೆಯ ದಾರಿ. 1959ರಿಂದ ಅಲ್ಲಿ ಹಳೇ ಸಾಮಾನಿನ ಸಂತೆ ನಡೆಯುತ್ತಿದೆ, ಈಗ ವರ್ಷಕ್ಕೆ ಮೂರು ಸಲ: ಮೇ, ಜುಲೈ, ಸೆಪ್ಟೆಂಬರ್. ನಮ್ಮ ತಿಪಟೂರಿನ ದನದ ಜಾತ್ರೆಯಲ್ಲಿ ದನದ ಬದಲು ಕುರ್ಚಿ, ಗಡಿಯಾರ, ಗಾಜಿನ ಬಾಟಲಿ ಇಟ್ಟರೆ ಹೇಗಿರುತ್ತದೋ ಹಾಗೆ. ನನ್ನ ಗಂಡ ಹಳೇ ಮ್ಯಾಪ್ ಹುಡುಕಿಕೊಂಡು ಹೋಗುತ್ತಾನೆ. ನಾನು ಹೆಂಗಸರ ರೇಜರ್ ಹುಡುಕುತ್ತೇನೆ. ಇದನ್ನು ಊರಲ್ಲಿ ಹೇಳಿದಾಗ ನಮ್ಮ ಚಿಕ್ಕಮ್ಮ ಅರ್ಧ ನಿಮಿಷ ಮಾತಾಡಲಿಲ್ಲ. ಆಮೇಲೆ, "ಅದೇನೇ ಅಷ್ಟು ಕೂದಲು ನಿಂಗೆ?" ಅಂದರು.

ಆರು ಡಾಲರ್‌ನ ರೇಜರ್ ಅನ್ನು ಮನೆಗೆ ತಂದು ಬಿಸಿನೀರು, ಪಾತ್ರೆ ಸೋಪು, ಹಳೇ ಟೂತ್‌ಬ್ರಷ್ ಹಿಡಿದು ಕೂತೆ. ಕೊಳೆ ಹೋದ ಮೇಲೆ ತಲೆಯ ಅಡಿಯಲ್ಲಿ ಒಂದು ಅಕ್ಷರ, ಒಂದು ಅಂಕಿ ಕಂಡವು. ಎನ್, ಪಕ್ಕದಲ್ಲಿ 2. ಅಷ್ಟೇ. ಆದರೆ ಗಿಲೆಟ್ ರೇಜರ್‌ಗೆ ಅದೇ ಜಾತಕ. 1951ರಿಂದ ಕಂಪನಿ ಅಮೆರಿಕದಲ್ಲಿ ಮಾಡಿದ ರೇಜರ್‌ಗಳ ಮೇಲೆ ವರ್ಷಕ್ಕೊಂದು ಅಕ್ಷರ, ಮೂರು ತಿಂಗಳಿಗೊಂದು ಅಂಕಿ ಒತ್ತುತ್ತಿತ್ತು. 1951 ಅಂದರೆ ಡಬ್ಲ್ಯೂ. ಝಡ್ 1954ಕ್ಕೆ ಮುಗಿಯಿತು. 1955ಕ್ಕೆ ಮತ್ತೆ ಎ ಇಂದ ಶುರು. ಬೆರಳು ಮಡಚಿ ಎಣಿಸುತ್ತಾ ಹೋದರೆ ಎನ್ ಬರುವುದು 1968ಕ್ಕೆ. 2 ಅಂದರೆ ಏಪ್ರಿಲ್‌ನಿಂದ ಜೂನ್. ನಮ್ಮಮ್ಮನ ಮದುವೆಯಾಗಿದ್ದು 1968ರ ಮೇ ತಿಂಗಳಲ್ಲಿ. ಸುಮ್ನೆ ಕೂತು ಆ ಅಕ್ಷರವನ್ನೇ ನೋಡಿದೆ. ಅಮ್ಮ ತಿಪಟೂರಿನಲ್ಲಿ ಹಸೆಮಣೆ ಏರಿದಾಗ ಇಲ್ಲಿ ಯಾರೋ ಇದಕ್ಕೆ ಗುಲಾಬಿ ಬಣ್ಣ ಕೊಡುತ್ತಿದ್ದರು.

ಇದರ ಹೆಸರು ಲೇಡಿ ಗಿಲೆಟ್. ಗುಲಾಬಿ, ನೀಲಿ, ಹಸಿರು, ಹೀಗೆ ಬಣ್ಣಗಳಲ್ಲಿ ಬರುತ್ತಿತ್ತು. ನೀಲಿಯದರ ಹಿಡಿಯ ಮೇಲೆ ನಕ್ಷತ್ರದ ಚಿತ್ತಾರ ಇರುವುದೂ ಉಂಟು, ನನಗೆ ಇನ್ನೂ ಸಿಕ್ಕಿಲ್ಲ. ತಮಾಷೆ ಏನು ಗೊತ್ತಾ? ತಲೆ ಮಾತ್ರ ಗಂಡಸರ ರೇಜರ್‌ನದೇ. ಅದೇ ಬ್ಲೇಡು, ಅದೇ ತಿರುಪು. ಹಿಡಿ ಸ್ವಲ್ಪ ಉದ್ದ, ಸ್ವಲ್ಪ ಸಣ್ಣ, ಮೇಲೊಂದು ಬಣ್ಣ.

ಇದು ಮೊದಲಿನಿಂದಲೂ ಹೀಗೇ. ಗಿಲೆಟ್ ಬಾಸ್ಟನ್‌ನ ಕಂಪನಿ. 1903ರಲ್ಲಿ, ಅಂದರೆ ಮಾರಾಟದ ಮೊದಲ ವರ್ಷ, ಅವರು ಮಾರಿದ್ದು 51 ರೇಜರ್, 168 ಬ್ಲೇಡು. ನಮ್ಮೂರ ಶೆಟ್ಟರ ಅಂಗಡಿಯಲ್ಲೇ ಅದಕ್ಕಿಂತ ಜಾಸ್ತಿ ಬ್ಲೇಡು ಹೋಗುತ್ತಿತ್ತು. ಹನ್ನೆರಡೇ ವರ್ಷದಲ್ಲಿ, 1915ಕ್ಕೆ, ಹೆಂಗಸರಿಗೆ ಅಂತಲೇ ಒಂದು ರೇಜರ್ ತಂದರು. ಹೆಸರು ಮಿಲೇಡಿ ಡೆಕೊಲ್ಟೆ. ಚಿನ್ನದ ಗಿಲೀಟು, ಅಂದರೆ ಮೇಲೊಂದು ತೆಳು ಲೇಪ, ದಂತದ ಹಾಗೆ ಕಾಣುವ ಡಬ್ಬಿ. ತೋಳಿಲ್ಲದ ಉಡುಪು ಆಗಷ್ಟೇ ಫ್ಯಾಷನ್ ಆಗುತ್ತಿದ್ದ ಕಾಲ. ಜಾಹೀರಾತಿನಲ್ಲಿ ಶೇವ್ ಅನ್ನುವ ಮಾತೇ ಬರದ ಹಾಗೆ ನೋಡಿಕೊಂಡರು. ಕ್ಷೌರ ಗಂಡಸರದು, ಹೆಂಗಸರದು ಬರೀ ನಯ ಮಾಡಿಕೊಳ್ಳುವುದು! ಅದೊಂದು ಮುಜುಗರದ ವಿಷಯ, ಅದಕ್ಕೆ ಈ ಚಂದದ ವಸ್ತು ಪರಿಹಾರ, ನಿಮ್ಮ ಅಲಂಕಾರದ ಮೇಜಿನ ಮೇಲಿರಲಿ, ಅನ್ನುವ ಧಾಟಿ. ಮುಜುಗರವನ್ನೂ ಅವರೇ ಮಾರಿದರು, ಪರಿಹಾರವನ್ನೂ ಅವರೇ ಮಾರಿದರು ಅನ್ನುವುದು ನನ್ನ ಅಭಿಪ್ರಾಯ. ಕಾಲಿನ ಸರದಿ ಆಮೇಲೆ ಬಂತು. ಎರಡನೇ ಮಹಾಯುದ್ಧದಲ್ಲಿ ನೈಲಾನ್ ಎಲ್ಲ ಪ್ಯಾರಾಚೂಟ್‌ಗೆ ಹೋಯಿತು. ಕಾಲುಚೀಲ ಸಿಗದೆ ಹೆಂಗಸರು ಕಾಲಿಗೇ ಬಣ್ಣ ಬಳಿದುಕೊಂಡರು. ಬಣ್ಣ ಸರಿಯಾಗಿ ಕೂರಬೇಕಾದರೆ ಕೂದಲು ಇರಬಾರದು, ಅಲ್ವಾ.

ಮಿಲೇಡಿ ವಿಷಯಕ್ಕೆ ನಾನು ಒಮ್ಮೆ ಬೇಸ್ತು ಬಿದ್ದೆ. ಅದೇ ಸಂತೆಯಲ್ಲಿ, ಬೇರೆ ಅಂಗಡಿ. ದಂತದ ಬಣ್ಣದ ಡಬ್ಬಿ, ಒಳಗೆ ಚಿನ್ನದ ಬಣ್ಣದ ರೇಜರ್. ಎದೆ ಡವಡವ. ಏನೂ ಗೊತ್ತಿಲ್ಲದವಳ ಹಾಗೆ ಮುಖ ಮಾಡಿಕೊಂಡು ನೂರಾ ಹತ್ತು ಡಾಲರ್ ಕೊಟ್ಟೆ. ಅವನು ನನಗಿಂತ ಚೆನ್ನಾಗಿ ಮುಖ ಮಾಡಿಕೊಂಡಿದ್ದ. ಮನೆಗೆ ಬಂದು ಬಿಚ್ಚಿ ನೋಡಿದರೆ ಡಬ್ಬಿ ಒಂದು ಕಾಲದ್ದು, ರೇಜರ್ ಇನ್ನೊಂದು ಕಾಲದ್ದು.

ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ. ಅದಕ್ಕೆ ನಿಮ್ಮ ಮನೆಯಲ್ಲಿರುವ ಬ್ಲೇಡು ಸಾಕು. ಹುಷಾರಾಗಿ ಒಂದು ತೆಗೆದು ನೋಡಿ. ಮಧ್ಯದಲ್ಲಿ ಉದ್ದಕ್ಕೆ ಒಂದು ಸೀಳು. ಆ ಸೀಳಿನಲ್ಲಿ ಅಲ್ಲಲ್ಲಿ ದುಂಡನೆ ಅಗಲವಾಗಿದೆ. ನಾಲ್ಕು ಮೂಲೆಗಳು ಕಚ್ಚು ಹೊಡೆದ ಹಾಗಿವೆ. ಚಿಕ್ಕವಳಿದ್ದಾಗ ಇದೇನೋ ಚಂದಕ್ಕೆ ಮಾಡಿದ್ದು ಅಂದುಕೊಂಡಿದ್ದೆ. ಗಿಲೆಟ್‌ನ ಮೊದಲ ಬ್ಲೇಡಿನಲ್ಲಿ ಸೀಳು ಇರಲಿಲ್ಲ, ಮೂರು ದುಂಡು ತೂತು ಮಾತ್ರ. ನಡುವಿನದಕ್ಕೆ ತಿರುಪು, ಆಚೀಚೆಯ ಎರಡಕ್ಕೆ ರೇಜರ್ ಮುಚ್ಚಳದ ಎರಡು ಮೊಳೆ. ಗೇಸ್‌ಮನ್ ಅನ್ನುವವರ ಆಟೋಸ್ಟ್ರಾಪ್ ಕಂಪನಿ ಸೀಳಿನ ಬ್ಲೇಡು ಮಾಡಿ ಗಿಲೆಟ್ ಜೊತೆ ಜಗಳಕ್ಕೆ ನಿಂತಿತು. 1930ರಲ್ಲಿ ಎರಡೂ ಕಂಪನಿ ಒಂದಾದವು. ಅದೇ ವರ್ಷ ಹೊಸ ರೇಜರ್, ಹೊಸ ಬ್ಲೇಡು ಬಂತು, ಮೂಲೆ ಕತ್ತರಿಸಿದ್ದು. ಇವತ್ತಿನ ಬ್ಲೇಡು ಎರಡು ಕಾಲದ ರೇಜರ್‌ಗೂ ಕೂರುತ್ತದೆ, ಯಾಕೆಂದರೆ ಎರಡರ ಗುರುತೂ ಅದರಲ್ಲಿದೆ. ನಾನು ತಂದ 'ಮಿಲೇಡಿ'ಯಲ್ಲಿ ಬ್ಲೇಡು ಕೂರುವ ತಟ್ಟೆಯ ಮಧ್ಯೆ ಉದ್ದನೆಯ ದಿಂಡು ಎದ್ದಿತ್ತು, ಸೀಳಿಗೆ ಹೊಂದುವ ಹಾಗೆ. ಅಂದರೆ 1930 ಆದಮೇಲಿನದು. ಡಬ್ಬಿಗೆ ಹುಟ್ಟಿದ ಮಗು ಅಲ್ಲ ಅದು, ದತ್ತು.

ಆಗಿನಿಂದ ನಾನು ಮೊದಲು ಮುಚ್ಚಳ ಬಿಚ್ಚುತ್ತೇನೆ, ಬೆಲೆ ಆಮೇಲೆ. ಇನ್ನೊಂದು ಮಾತು. ಚಿಕ್ಕ ಹಿಡಿಯ ರೇಜರ್ ಕಂಡರೆ ಸಾಕು, 'ಹೆಂಗಸರದು' ಅಂತ ಚೀಟಿ ಅಂಟಿಸಿರುತ್ತಾರೆ. ಬಹಳಷ್ಟು ಸಲ ಅದು ಗಂಡಸರು ಪ್ರಯಾಣಕ್ಕೆ ಒಯ್ಯುತ್ತಿದ್ದ ರೇಜರ್. ಗುಲಾಬಿ ಹಿಡಿ ಹುಡುಕುವವರೂ ಹೀಗೇ ಮೋಸ ಹೋಗುತ್ತಾರೆ, ಯಾರೋ ಮನೆಯಲ್ಲೇ ಉಗುರುಬಣ್ಣ ಬಳಿದಿರುವುದನ್ನು ನಾನೇ ಕಂಡಿದ್ದೇನೆ.

ಎಲ್ಲವೂ ಗಿಲೆಟ್ ಅಲ್ಲ. ನನ್ನ ಹತ್ತಿರ ಒಂದು ಲೇಡಿ ಎವರ್‌ಶಾರ್ಪ್ ಇದೆ. ಇದು ಇಂಜೆಕ್ಟರ್ ಜಾತಿಯದು. ಬ್ಲೇಡು ಒಂದೇ ಅಲಗಿನದು, ದಪ್ಪ. ಬ್ಲೇಡುಗಳ ಪೆಟ್ಟಿಗೆಯ ಮೂತಿಯನ್ನು ತಲೆಯ ಪಕ್ಕಕ್ಕೆ ಸಿಕ್ಕಿಸಿ ತಳ್ಳಿದರೆ ಹಳೇ ಬ್ಲೇಡು ಆಚೆ, ಹೊಸದು ಒಳಗೆ. ಕೈ ಕುಯ್ಯುವ ಭಯವೇ ಇಲ್ಲ. ಇದನ್ನು ಮೊದಲು ಮಾಡಿದ್ದು ಜೇಕಬ್ ಷಿಕ್ ಅನ್ನುವ ಸೈನ್ಯದ ಕರ್ನಲ್, ಬಂದೂಕಿಗೆ ಗುಂಡು ತುಂಬುವುದನ್ನು ನೋಡಿ. ಎವರ್‌ಶಾರ್ಪ್ ಪೆನ್ನಿನ ಕಂಪನಿ. ಅವರು ಈ ರೇಜರ್ ಕಂಪನಿ ಕೊಂಡಿದ್ದು 1946ರಲ್ಲಿ. ಹಾಗಾಗಿ ಆ ಹೆಸರಿದ್ದರೆ ಅದಕ್ಕಿಂತ ಹಳೇದು ಅಂತ ಯಾರು ಆಣೆ ಮಾಡಿದರೂ ನಂಬಬೇಡಿ. ಇಂಗ್ಲೆಂಡಿನ ಶೆಫೀಲ್ಡ್‌ನ ಲಾರೆಲ್ ಲೇಡೀಸ್ ಕೂಡ ಒಂದಿದೆ, ಪುಟ್ಟ ತಗಡಿನ ಡಬ್ಬಿಯಲ್ಲಿ. ಅದರ ಚಂದ ಡಬ್ಬಿಯದು.

ಈಗ ಹುಣಸೆಹಣ್ಣಿನ ಕತೆ. ಆ ದತ್ತುಮಗು ಮೊದಲೇ ಹೊಟ್ಟೆ ಉರಿಸಿತ್ತು, ಮೇಲೆ ಕಪ್ಪು ಬೇರೆ ಹಿಡಿದಿತ್ತು. ಒಳಗೆ ಇರುವುದು ಹಿತ್ತಾಳೆ ಅಂತ ಗೊತ್ತು. ಹಿತ್ತಾಳೆ ಅಂದರೆ ನಮ್ಮ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ಹೇಳಿ? ಅಮ್ಮ ಹಬ್ಬದ ಹಿಂದಿನ ದಿನ ದೀಪದ ಕಂಬ ತಿಕ್ಕುತ್ತಿದ್ದಳಲ್ಲ, ಹಾಗೇ ಒಂದು ನಿಂಬೆಗಾತ್ರ ಹುಣಸೆಹಣ್ಣು, ಚಿಟಿಕೆ ಉಪ್ಪು ತೆಗೆದುಕೊಂಡು ಚೆನ್ನಾಗಿ ತಿಕ್ಕಿದೆ. ತೊಳೆದರೆ ಫಳಫಳ. ಖುಷಿಯಾಯಿತು. ಬೆಳಕಿಗೆ ಹಿಡಿದಾಗ ಗೊತ್ತಾಯಿತು, ಫಳಫಳ ಅನ್ನುತ್ತಿರುವುದು ಚಿನ್ನವಲ್ಲ, ಹಿತ್ತಾಳೆ. ಗಿಲೀಟು ಉಪ್ಪಿನ ಜೊತೆ ಸಿಂಕಿಗೆ ಹೋಗಿತ್ತು. ಗೆರೆಗಳ ಸಂದಿಯಲ್ಲಿ ಮಾತ್ರ ಎರಡು ಕಡೆ ಚಿನ್ನ ಉಳಿದಿತ್ತು. ಗಿಲೀಟಿನ ರೇಜರ್‌ಗೆ ಪಾತ್ರೆ ಸೋಪು, ಮೆತ್ತನೆ ಬ್ರಷ್, ಉಗುರುಬೆಚ್ಚಗಿನ ನೀರು. ಅಷ್ಟೇ. ಬಣ್ಣದ ಹಿಡಿಯವನ್ನು ಕುದಿಸಲೂ ಬೇಡಿ, ವಿನೆಗರ್‌ನಲ್ಲಿ ನೆನೆಸಲೂ ಬೇಡಿ.

ಕಳೆದ ಸಲ ಊರಿಗೆ ಹೋದಾಗ 1968ರ ಗುಲಾಬಿ ರೇಜರ್ ಅನ್ನು ಅಮ್ಮನಿಗೆ ತೋರಿಸಲು ಒಯ್ದಿದ್ದೆ. ಅಮ್ಮ ಕನ್ನಡಕ ಏರಿಸಿ ತಿರುಗಿಸಿ ಮುರುಗಿಸಿ ನೋಡಿದಳು. ಬಚ್ಚಲುಮನೆಯ ಕಿಟಕಿಯ ಮೊಳೆಗೆ ಕನ್ನಡಿ ತೂಗುಹಾಕಿ, ಚೊಂಬಿನಲ್ಲಿ ಬಿಸಿನೀರು ಇಟ್ಟುಕೊಂಡು ಅಪ್ಪ ಕ್ಷೌರ ಮಾಡಿಕೊಳ್ಳುತ್ತಿದ್ದ ಜಾಗ ಅಲ್ಲೇ ಇತ್ತು. ಅಪ್ಪ ಬಿಟ್ಟ ಬ್ಲೇಡು ನಮ್ಮ ಪೆನ್ಸಿಲ್‌ಗೆ ಬರುತ್ತಿತ್ತು, ಅಲ್ಲಿಂದ ಅಮ್ಮನ ಹೊಲಿಗೆ ಡಬ್ಬಿಗೆ. ಅಮ್ಮ ಬುಡದ ತಿರುಪು ತಿರುಗಿಸಿದಳು. ರೆಕ್ಕೆ ತೆರೆಯಿತು.

"ಇದು ನಿಮ್ಮಪ್ಪಂದೇ ಅಲ್ವೇನೇ," ಅಂದಳು, "ಬಣ್ಣ ಬಳಿದಿದಾರೆ ಅಷ್ಟೇ." ಆಮೇಲೆ ತಲೆ ಎತ್ತದೆ, "ಎಷ್ಟು ಕೊಟ್ಟೆ?" ಅಂದಳು. ಆರು ಡಾಲರ್ ಅಂದೆ. ರೂಪಾಯಿ ಲೆಕ್ಕ ಹಾಕಿ ಬೈದಳು. ನೂರಾ ಹತ್ತರ ವಿಷಯ ಎತ್ತಲಿಲ್ಲ. ಬಂದ ಮೇಲೆ ಶೆಟ್ಟರ ಅಂಗಡಿಯಿಂದ ತಂದ ಬ್ಲೇಡನ್ನು ಹಾಕಿದ್ದು ಅದೇ ಹಿತ್ತಾಳೆಯದಕ್ಕೆ. ದಿನಾ ಬಳಸುವುದು ಅದನ್ನೇ.